ಕ್ವಾರ್ಟರ್ ಒಳ್ಳೇದಾ, ಸೆಮಿಸ್ಟರ್ ಒಳ್ಳೇದಾ?

ಅಮೆರಿಕಕ್ಕೆ ಓದಲು ಹೊರಟ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: "ಅಕ್ಕಾ, ಕ್ವಾರ್ಟರ್ ಇರೋ ಕಾಲೇಜು ಸೇರ್ಲಾ, ಸೆಮಿಸ್ಟರ್ ಇರೋದಾ?" ಕೇಳುವಾಗಲೇ ಅರ್ಧ ಜನಕ್ಕೆ ನಗು. ನಗಲಿ ಬಿಡಿ. ನಮ್ಮೂರ ಕ್ವಾರ್ಟರ್ 180 ಎಂಎಲ್, ಅಲ್ಲಿನದು ವರ್ಷವನ್ನು ನಾಲ್ಕು ಮಾಡಿದರೆ ಸಿಗುವ ಒಂದು ಪಾಲಿನ ಓದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ವಾರ್ಟರ್ ಕ್ಯಾಂಪಸ್‌ಗಳಲ್ಲಿ ಡಿಗ್ರಿಗೆ ಬೇಕಾದದ್ದೂ ಕನಿಷ್ಠ 180 ಯೂನಿಟ್, ಅಂದರೆ ಕ್ರೆಡಿಟ್! ಅದೇ ವಿಶ್ವವಿದ್ಯಾಲಯದ, ಸೆಮಿಸ್ಟರ್ ಇರುವ ಬರ್ಕ್ಲಿ ಕ್ಯಾಂಪಸ್‌ನಲ್ಲಿ 120 ಸಾಕು. ಹಾಗಂತ ಓದು ಕಡಿಮೆಯಲ್ಲ, ಸೆಮಿಸ್ಟರ್‌ನ ಒಂದು ಯೂನಿಟ್ ಕ್ವಾರ್ಟರ್‌ನ ಒಂದೂವರೆಗೆ ಸಮ.

ವ್ಯತ್ಯಾಸ ಇರುವುದು ವೇಗದಲ್ಲಿ. ಸೆಮಿಸ್ಟರ್ ಸುಮಾರು 15 ವಾರ. ಕ್ವಾರ್ಟರ್‌ನಲ್ಲಿ ಪಾಠಕ್ಕೆ 10 ವಾರ, ಆಮೇಲೆ ಫೈನಲ್ಸ್. ವರ್ಷಕ್ಕೆ ಮೂರು ಸಲ ಇದೇ ಓಟ. ನಾಲ್ಕನೆಯದು ಬೇಸಿಗೆಯದು, ಬೇಕಾದವರಿಗೆ ಮಾತ್ರ.

ನಾನು ಓದಿದ್ದು ಕ್ವಾರ್ಟರ್‌ನಲ್ಲಿ. ಮೊದಲ ಚಳಿಗಾಲ, ಮೂರನೇ ವಾರ ಜ್ವರ ಬಂದು ಮಲಗಿದೆ. ಏಳೇ ದಿನ. ಎದ್ದು ಹೋದರೆ ಮಿಡ್‌ಟರ್ಮ್ ಪರೀಕ್ಷೆ ಬಾಗಿಲಲ್ಲೇ ನಿಂತಿತ್ತು. ಊರಲ್ಲಿ ಬಿ.ಇ. ಓದುವಾಗ ಸ್ಟಡಿ ಹಾಲಿಡೇಸ್ ನಂಬಿ ಪಾಸಾದವಳು ನಾನು. ಆ ವಿದ್ಯೆ ಇಲ್ಲಿ ನಡೆಯಲಿಲ್ಲ. ಓದಲು ಅಂತ ಬಿಡುವೇ ಇರಲಿಲ್ಲ, ಶುಕ್ರವಾರ ಪಾಠ ಮುಗಿದರೆ ಸೋಮವಾರ ಪರೀಕ್ಷೆ.

ಆದರೂ ನನಗೆ ಕ್ವಾರ್ಟರ್ ಇಷ್ಟ. ಮೇಷ್ಟ್ರು ಹಿಡಿಸದಿದ್ದರೆ ಹತ್ತೇ ವಾರದ ಕಷ್ಟ. ಜಾಸ್ತಿ ವಿಷಯಗಳ ರುಚಿ ನೋಡಬಹುದು. ಪ್ರಾಜೆಕ್ಟ್ ವಿಷಯಕ್ಕೆ ಮಾತ್ರ ಸೆಮಿಸ್ಟರೇ ಸರಿ. ಹತ್ತು ವಾರದಲ್ಲಿ ಏನೋ ಒಂದು ಕಟ್ಟುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಬರ್ಕ್ಲಿ 1983ರಲ್ಲೇ ಕ್ವಾರ್ಟರ್ ಬಿಟ್ಟಿತು, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ 2012ರಲ್ಲಿ. ಸ್ಟ್ಯಾನ್‌ಫರ್ಡ್, ಯುಸಿಎಲ್‌ಎ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್) ಇನ್ನೂ ಬಿಟ್ಟಿಲ್ಲ.

ಹಾಗಾಗಿ ನನ್ನ ಉತ್ತರ: ನಾಳೆ ಓದಿದರಾಯ್ತು ಅನ್ನೋ ಜಾತಿಯವರಾದರೆ ಸೆಮಿಸ್ಟರ್ ಹುಡುಕಿ. ಉಳಿದವರು ಕೋರ್ಸು, ಖರ್ಚು ನೋಡಿ ಸೇರಿ. ಸುಮ್ನೆ ಕ್ಯಾಲೆಂಡರ್ ನೋಡಿ ಒಳ್ಳೆ ಕಾಲೇಜು ಬಿಡಬೇಡಿ.

ಒಂದು ಮಾತು ಮರೆತಿದ್ದೆ. ಸೆಮಿಸ್ಟರ್‌ನವರು ಮೇ ಮಧ್ಯಕ್ಕೇ ಇಂಟರ್ನ್‌ಶಿಪ್‌ಗೆ ಹೊರಡುತ್ತಾರೆ. ಕ್ವಾರ್ಟರ್‌ನವರಿಗೆ ಬಿಡುಗಡೆ ಜೂನ್ ಮಧ್ಯದಲ್ಲಿ. ಬದಲಿಗೆ ಮುಂದಿನ ಕ್ಲಾಸು ಶುರುವಾಗುವುದು ಸೆಪ್ಟೆಂಬರ್ ಕೊನೆಗೆ, ಅಂದರೆ ರಜೆ ಕಡಿಮೆಯಾಗಲಿಲ್ಲ, ಅಲ್ವಾ? ಕಂಪನಿಗೆ ಇದನ್ನು ನೀವೇ ಹೇಳಬೇಕು. ಆಫರ್ ಬಂದ ದಿನವೇ ಜೂನ್ ಮೂರನೇ ವಾರದಿಂದ ಬರಲಾ ಅಂತ ಮೇಲ್ ಹಾಕಿ.