ಅಷ್ಟು ಚಿಕ್ಕ ಅಲೆಕ್ಸಾದಲ್ಲಿ ಇಷ್ಟು ಸೌಂಡ್ ಹೇಗೆ?

ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: "ನಮ್ಮನೇಲೂ ಇದೇ ಅಲೆಕ್ಸಾ ಇದೆ. ನಿಮ್ಮದರಲ್ಲಿ ಮಾತ್ರ ಸೌಂಡ್ ಇಷ್ಟು ಚೆನ್ನಾಗಿ ಹೇಗೆ ಬರುತ್ತೆ? ದೊಡ್ಡದು ತಗೋಬೇಕಾ?"

ಬೇಡ. ನಮ್ಮದು 2018ರಲ್ಲಿ ಬಂದ ಮೂರನೇ ತಲೆಮಾರಿನ ಎಕೋ ಡಾಟ್, ಅಂದರೆ ಅಲೆಕ್ಸಾ ಇರುವ ಅಮೆಜಾನ್‌ನ ಚಿಕ್ಕ ಸ್ಪೀಕರ್. ಅಂಗೈ ಮೇಲೆ ಕೂರುತ್ತದೆ. ಹಾಡು ಬರುತ್ತಿರುವುದು ಅದರಿಂದಲ್ಲ, ಟಿವಿ ಪಕ್ಕದಲ್ಲಿರುವ ಅಪ್ಪನ ಕಾಲದ ಆಂಪ್ಲಿಫೈಯರ್ (ಸೌಂಡ್ ಹಿಗ್ಗಿಸುವ ಪೆಟ್ಟಿಗೆ, ಚಿಕ್ಕದಾಗಿ ಆಂಪ್) ಮತ್ತು ಎರಡು ಮರದ ಸ್ಪೀಕರ್‌ಗಳಿಂದ. ನಡುವೆ ಇರುವುದು ಒಂದು ಕೇಬಲ್, ಅಷ್ಟೇ.

ಡಾಟ್ ಒಳಗಿನ ಸ್ಪೀಕರ್ 1.6 ಇಂಚಿನದು. ಹವಾಮಾನ ಹೇಳುವುದಕ್ಕೆ, ಅನ್ನಕ್ಕೆ ಟೈಮರ್ ಇಡುವುದಕ್ಕೆ ಅದು ಸಾಕು. ಮೃದಂಗಕ್ಕೆ ಸಾಲದು. ಬಲಗಡೆಯ ಪೆಟ್ಟು ಟಕ್ ಟಕ್ ಎಂದು ಕೇಳುತ್ತದೆ, ಎಡಗಡೆಯ ತೊಪ್ಪಿ ಎಲ್ಲೋ ಕಳೆದುಹೋಗುತ್ತದೆ. ತಗ್ಗಿನ ನಾದ ಬರಬೇಕಾದರೆ ಸ್ಪೀಕರ್ ಜಾಸ್ತಿ ಗಾಳಿ ತಳ್ಳಬೇಕು. ಅಷ್ಟು ಚಿಕ್ಕ ಕೋನ್ ಎಷ್ಟು ತಳ್ಳೀತು? ಮಲ್ಲಿಕಾರ್ಜುನ ಮನ್ಸೂರರನ್ನು ನಾನು ವರ್ಷಗಟ್ಟಲೆ ಅದರಲ್ಲೇ ಕೇಳಿದ್ದೆ. ದೊಡ್ಡ ಸ್ಪೀಕರ್‌ಗೆ ಹಾಕಿದ ದಿನ ತಬಲಾ ಜೋಡಿಯ ಡಗ್ಗಾದ ಗುಂಕಾರ ಎದೆಗೆ ತಾಗಿತು. ಹಿಂದೆ ತಂಬೂರಿ ಬಿಡದೆ ಮಿಡಿಯುತ್ತಿದೆ ಎಂದು ಗೊತ್ತಾಗಿದ್ದೂ ಅವತ್ತೇ. ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ: ಮಾತು ಕೇಳಿಸಿಕೊಳ್ಳುವ ಕೆಲಸ ಡಾಟ್‌ಗೆ ಇರಲಿ, ಹಾಡುವ ಕೆಲಸ ದೊಡ್ಡ ಪೆಟ್ಟಿಗೆಗಳಿಗೆ ಬಿಡಿ.

ಮೊದಲು ನಿಮ್ಮ ಡಾಟ್‌ನ ಹಿಂದೆ ಇಯರ್‌ಫೋನ್ ಹಾಕುವಂಥ 3.5 ಮಿ.ಮೀ. ತೂತು ಇದೆಯಾ ನೋಡಿ. ಎರಡು, ಮೂರು, ನಾಲ್ಕನೇ ತಲೆಮಾರಿನ ಡಾಟ್‌ಗಳಲ್ಲಿ ಇದೆ. 2022ರ ಐದನೇ ತಲೆಮಾರಿನಲ್ಲಿ ತೆಗೆದುಬಿಟ್ಟರು. ಗೂಗಲ್ ನೆಸ್ಟ್ ಮಿನಿಯಲ್ಲೂ ಇಲ್ಲ. ಅಂಥವಕ್ಕೆ ಬ್ಲೂಟೂತ್ ದಾರಿ. ಅದೂ ನಡೆಯುತ್ತದೆ, ಆದರೆ ನನಗೆ ಸಮಾಧಾನವಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಎಷ್ಟೋ ಬ್ಲೂಟೂತ್ ಸ್ಪೀಕರ್‌ಗಳು ತಾವೇ ಆಫ್ ಆಗುತ್ತವೆ. ಮತ್ತೆ ಎದ್ದು ಹೋಗಿ ಬಟನ್ ಒತ್ತಬೇಕು. ಕೂತಲ್ಲಿಂದ ಕೇಳಲಿ ಎಂದೇ ತಂದಿದ್ದಲ್ವಾ?

ಬೇಕಾದ ಕೇಬಲ್‌ಗೆ ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಕೆಂಪು, ಬಿಳಿ ಆರ್‌ಸಿಎ ಪಿನ್‌ಗಳು ಇರುತ್ತವೆ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ನನಗೆ ಮೊದಲು ಒಂದು ಅಂಗಡಿಯಲ್ಲಿ ಮೋನೊ ಕೇಬಲ್, ಅಂದರೆ ಎಡ ಬಲ ಬೇರೆ ಬೇರೆ ಒಯ್ಯದ ಕೇಬಲ್ ಕೊಟ್ಟುಬಿಟ್ಟಿದ್ದರು. ಮನೆಗೆ ತಂದು ಹಾಕಿದರೆ ಹಾಡು ಅರೆಬರೆ. ಆಮೇಲೆ ಪಿನ್ ಕಣ್ಣ ಹತ್ತಿರ ಹಿಡಿದು ನೋಡಿದೆ. ಲೋಹದ ಮೇಲೆ ಒಂದೇ ಕಪ್ಪು ಗೆರೆ. ಸ್ಟೀರಿಯೊ ಪಿನ್ ಮೇಲೆ ಎರಡು ಗೆರೆ ಇರಬೇಕು. ಅಂಗಡಿಯಲ್ಲೇ ಎಣಿಸಿ ತನ್ನಿ.

ಆಂಪ್ಲಿಫೈಯರ್‌ನ ಹಿಂದೆ ಆಕ್ಸ್, ಸಿಡಿ, ಟೇಪ್ ಎಂದು ಬರೆದಿರುವ ಯಾವುದಕ್ಕೆ ಬೇಕಾದರೂ ಹಾಕಿ. ಫೋನೊ ಎಂದಿರುವುದಕ್ಕೆ ಮಾತ್ರ ಬೇಡವೇ ಬೇಡ. ಅದು ಗ್ರಾಮಫೋನ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್‌ಗೆ ಇರುವ ಜಾಗ. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಅದನ್ನು ಆಂಪ್ ನೂರಾರು ಪಟ್ಟು ಹಿಗ್ಗಿಸುತ್ತದೆ, ಜೊತೆಗೆ ಬಾಸ್ ಏರಿಸಿ ಟ್ರೆಬಲ್ ಇಳಿಸುತ್ತದೆ. ಡಾಟ್‌ನ ಸಿಗ್ನಲ್ ಅಲ್ಲಿಗೆ ಕೊಟ್ಟರೆ ಹಾಡು ಒಡೆದು ಕರ್ಕಶವಾಗುತ್ತದೆ. ಮನೆಯಲ್ಲಿ 2.1 ಕಂಪ್ಯೂಟರ್ ಸ್ಪೀಕರ್ (ಎರಡು ಚಿಕ್ಕವು, ಒಂದು ಬಾಸ್ ಪೆಟ್ಟಿಗೆ) ಅಥವಾ ಸೌಂಡ್‌ಬಾರ್ ಇದ್ದರೆ ಅದರ ಆಕ್ಸ್ ತೂತು ಸಾಕು. ಆಂಪ್ ಬೇಕೆಂದೇನಿಲ್ಲ.

ವಾಲ್ಯೂಮ್ ವಿಷಯದಲ್ಲಿ ತುಂಬ ಜನ ತಪ್ಪುವುದನ್ನು ನೋಡಿದ್ದೇನೆ. ಡಾಟ್ ಅನ್ನು 3ಕ್ಕೆ ಇಟ್ಟು ಆಂಪ್ ಅನ್ನು ಪೂರ್ತಿ ತಿರುಗಿಸುತ್ತಾರೆ. ಆಗ ಹಾಡಿನ ಜೊತೆ ಸುಯ್ ಎನ್ನುವ ಸದ್ದೂ ದೊಡ್ಡದಾಗುತ್ತದೆ. "ಅಲೆಕ್ಸಾ, ವಾಲ್ಯೂಮ್ 8" ಎನ್ನಿ, ಆಮೇಲೆ ಆಂಪ್‌ನ ನಾಬ್ ಅನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ.

ಗುಂಯ್ ಎಂದು ಒಂದೇ ಸಮನೆ ಸದ್ದು ಬಂದರೆ ಕರೆಂಟಿನ 50 ಹರ್ಟ್ಸ್ ಒಳಗೆ ನುಗ್ಗಿದೆ ಎಂದು ಅರ್ಥ. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಬರುತ್ತಿತ್ತು. ಡಾಟ್ ಮೇಲೆ ಅನುಮಾನಪಟ್ಟೆ, ಕೇಬಲ್ ಬದಲಿಸಿದೆ. ಕೊನೆಗೆ ಒಂದೊಂದೇ ವೈರ್ ಕಿತ್ತು ನೋಡುತ್ತಾ ಹೋದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿ ಕೇಬಲ್ ತೆಗೆದ ತಕ್ಷಣ ಮೌನ! ಟಿವಿಯ ಸೌಂಡೂ ಇದೇ ಆಂಪ್‌ಗೆ ಬರುತ್ತಿತ್ತಲ್ಲ, ಬೀದಿಯಿಂದ ಬರುವ ಕೇಬಲ್ ಮತ್ತು ಆಂಪ್‌ನ ಅರ್ಥ್ ನಡುವೆ ಸುತ್ತು ಬಿದ್ದಿತ್ತು. ಬಾಕ್ಸ್‌ನಿಂದ ಆಂಪ್‌ಗೆ ಹೋಗುವ ವೈರ್ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿದೆ. ಅವತ್ತಿನಿಂದ ಗುಂಯ್ ನಿಂತಿತು. ಸದ್ದು ಹೋಗಲಿ ಎಂದು ಆಂಪ್‌ನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಶಾಕ್ ಹೊಡೆಯಬಹುದು.

ಒಂದು ತೊಂದರೆ ಉಳಿಯುತ್ತದೆ. ಕೇಬಲ್ ಹಾಕಿದ ಮೇಲೆ ಡಾಟ್‌ನ ಸ್ವಂತ ಸ್ಪೀಕರ್ ಸುಮ್ಮನಾಗುತ್ತದೆ. ಆಂಪ್ ಆಫ್ ಇದ್ದರೆ ಉತ್ತರವೇ ಕೇಳುವುದಿಲ್ಲ, ನೀಲಿ ದೀಪ ಮಾತ್ರ ಹೊತ್ತಿ ಆರುತ್ತದೆ. ಅಮ್ಮನಿಗೆ ಇದರಿಂದ ಬೇಜಾರಾಗುತ್ತಿತ್ತು. ಆಂಪ್‌ಗೆ ಅಲೆಕ್ಸಾಗೆ ಹೇಳಿ ಆನ್, ಆಫ್ ಮಾಡಿಸಬಹುದಾದ ಸ್ಮಾರ್ಟ್ ಪ್ಲಗ್ ಹಾಕಿ, ಆಂಪ್‌ನ ಸ್ವಿಚ್ ಯಾವಾಗಲೂ ಒತ್ತಿಯೇ ಇರುವಂತೆ ಬಿಟ್ಟೆ. ಡಾಟ್ ಅನ್ನು ಸ್ಪೀಕರ್‌ನಿಂದ ದೂರಕ್ಕೆ, ಅಡುಗೆಮನೆ ಬಾಗಿಲ ಪಕ್ಕದ ಶೆಲ್ಫ್‌ಗೆ ಸರಿಸಿದೆ. ಹಾಡು ಜೋರಾಗಿದ್ದರೂ ಈಗ ಅದಕ್ಕೆ ಕರೆದದ್ದು ಕೇಳುತ್ತದೆ. ಅಮ್ಮ ಸಂಜೆ ಒಲೆ ಮುಂದೆ ನಿಂತೇ "ಅಲೆಕ್ಸಾ, ಆಂಪ್ ಆನ್" ಎನ್ನುತ್ತಾರೆ. ಹಾಲ್‌ನಲ್ಲಿ ಅಪ್ಪನ ಸ್ಪೀಕರ್‌ಗಳು ದಪ್ ಎಂದು ಏಳುತ್ತವೆ.