ಚುಕ್ಕಿ ತಿದ್ದಿದ ದಿನ

ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಆ ದಿನ ಕರಡು ತಿದ್ದಲು ಬಂದದ್ದು 48 ಪುಟದ ಸಂಗೀತ ಪಾಠದ ಪುಸ್ತಕ. ಸರಳೆ, ಜಂಟಿ ವರಸೆಯೆಂಬ ಮೊದಲ ಪಾಠಗಳಿಂದ ಸಪ್ತತಾಳ ಅಲಂಕಾರದವರೆಗೆ, ಎಲ್ಲವೂ ಮಾಯಾಮಾಳವಗೌಳ ರಾಗದಲ್ಲಿ. ಡೆಮಿ 1/8 ಅಳತೆ, 16 ಪುಟದ ಮೂರು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಮೂರು ಕಂತು.

ಇಂಥ ಪುಸ್ತಕದಲ್ಲಿ ಅಕ್ಷರಕ್ಕಿಂತ ಚುಕ್ಕಿ ದೊಡ್ಡದು. ಸ್ವರದ ಮೇಲಿದ್ದರೆ ತಾರಸ್ಥಾಯಿ (ಏರುದನಿ), ಕೆಳಗಿದ್ದರೆ ಮಂದ್ರ (ತಗ್ಗುದನಿ), ಚುಕ್ಕಿಯಿಲ್ಲದಿದ್ದರೆ ನಡುವಿನ ಮಧ್ಯಸ್ಥಾಯಿ. ಮೊದಲ ಸರಳೆಯ ಆರೋಹಣದಲ್ಲಿ ಕೊನೆಯ ‘ಸ’ದ ಚುಕ್ಕಿ ಹಾರಿಹೋದರೆ ಮಗು ನಿಷಾದದಿಂದ (‘ನಿ’) ನೇರ ಮಧ್ಯ ಷಡ್ಜಕ್ಕೆ (ಕೆಳಗಿನ ‘ಸ’) ಬೀಳುತ್ತದೆ. ಗುರುಗಳು ಎದುರಿಗಿದ್ದರೆ ತಿದ್ದುತ್ತಾರೆ. ಮನೆಯಲ್ಲಿ ಒಂಟಿಯಾಗಿ ಸಾಧನೆ ಮಾಡುವ ಮಗುವನ್ನು ತಿದ್ದುವವರಾರು?

ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತಂದಾಗ ಕೆಲವು ಚುಕ್ಕಿಗಳು ಮಾಯವಾಗಿದ್ದವು, ಕೆಲವು ಪಕ್ಕದ ಸ್ವರಕ್ಕೆ ಜಾರಿದ್ದವು. ‘ರಿ’, ‘ನಿ’ಗಳಿಗೆ ಗುಡಿಸು ಬೇರೆ ಇದೆ, ಅದರ ಮೇಲೆ ಚುಕ್ಕಿ, ಎರಡನೆಯ ಕಾಲವಾದರೆ (ಇಮ್ಮಡಿ ವೇಗ) ಅದರ ಮೇಲೊಂದು ಗೆರೆ. 14 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಂತರ ಕೊಟ್ಟಿದ್ದರಿಂದ ಮೇಲಿನ ಸಾಲಿನ ಮಂದ್ರದ ಚುಕ್ಕಿ ಕೆಳಗಿನ ಸಾಲಿನ ತಾರದ ಚುಕ್ಕಿಯಂತೆ ಕಾಣುತ್ತಿತ್ತು. 26ಕ್ಕೆ ಏರಿಸಿ, ಸಾಲನ್ನು ಟೈಪ್ ಮಾಡುವ ಬದಲು ಕೋಷ್ಟಕ ಹಾಕಿ, ಸ್ವರಕ್ಕೊಂದು ಮನೆ ಕೊಟ್ಟ ಮೇಲೆ ಎಲ್ಲ ಬೇರೆಬೇರೆಯಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಕಾಮಾ. ಇಲ್ಲಿ ಅದು ಹಿಂದಿನ ಸ್ವರವನ್ನು ಒಂದು ಅಕ್ಷರಕಾಲ (ತಾಳದ ಒಂದು ಎಣಿಕೆ) ಹಿಡಿದು ನಿಲ್ಲಿಸುವ ಗುರುತು. ಖಂಡಜಾತಿ ಅಟತಾಳದ ಅಲಂಕಾರ ಹೀಗೆ ಇರಬೇಕು:

ಸ ರಿ , ಗ , | ಸ , ರಿ ಗ , | ಮ , | ಮ , ||

5+5+2+2, ಒಟ್ಟು 14 ಅಕ್ಷರ. ಕರಡು ನೋಡಿದವರು ಭಾಷೆಯ ಕಣ್ಣಿಂದ ನೋಡಿ ‘ಹೆಚ್ಚುವರಿ’ ಕಾಮಾಗಳನ್ನು ಹೊಡೆದುಹಾಕಿದ್ದರು. ತಾಳವೇ ಕುಂಟಿತ್ತು. ಇದಕ್ಕೆ ಮದ್ದು ಒಂದೇ: ಓದಬಾರದು, ಕೈಯಲ್ಲಿ ತಾಳ ಹಾಕಿ ಎಣಿಸಬೇಕು. ಸಾಲು ಮುರಿಯಲೇಬೇಕಾದರೆ ಅಂಗ (ತಾಳದ ಭಾಗ) ಮುಗಿದ ಗೆರೆಯ ಬಳಿ ಮುರಿಯಬೇಕು, ಲಘುವಿನ (ಇಲ್ಲಿ ಐದು ಅಕ್ಷರದ ಭಾಗ) ನಡುವೆ ಅಲ್ಲ.

ಸ್ವರ ಅಚ್ಚು ಹಾಕುವವರ ಪಾಡು ಎಂದಿಗೂ ಇದೇ. 1501ರಲ್ಲಿ ವೆನಿಸಿನ ಮುದ್ರಕ ಪೆಟ್ರುಚ್ಚಿ ಸ್ವರ ಕೂರುವ ಗೆರೆಗಳನ್ನು ಒಮ್ಮೆ, ಸ್ವರಗಳನ್ನು ಇನ್ನೊಮ್ಮೆ ಅಚ್ಚಿಗೆ ಕೊಡುತ್ತಿದ್ದ. ಕಾಗದ ಕೂದಲೆಳೆಯಷ್ಟು ಸರಿದರೂ ಸ್ವರ ಬದಲು. 1904ರಲ್ಲಿ ಎಟ್ಟಯಪುರದಲ್ಲಿ ತೆಲುಗಿನಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ (ಸ್ವರದ ಬಳುಕು) ಗುರುತುಗಳಿವೆ. ಮೊಳೆ ಜೋಡಿಸಿ ಅದನ್ನು ಮಾಡಿದವರ ತಾಳ್ಮೆಗೆ ಕೈ ಮುಗಿಯಬೇಕು.

ಪ್ಲೇಟಿಗೆ ಕೊಡುವ ಮುನ್ನ ಚುಕ್ಕಿಯನ್ನು 1 ಪಾಯಿಂಟಿನಿಂದ 1.5ಕ್ಕೆ ದಪ್ಪ ಮಾಡಲಾಯಿತು. ಬಳೇಪೇಟೆಯ ವಾದ್ಯದಂಗಡಿಯಲ್ಲಿ ಒಂದು ಪ್ರತಿ ಕೊಂಡರೆ ಹತ್ತು ಮಕ್ಕಳು ಜೆರಾಕ್ಸ್ ಮಾಡಿಸುತ್ತಾರೆ, ಸಣ್ಣ ಚುಕ್ಕಿ ಅದರಲ್ಲಿ ಉಳಿಯದು.

ಸಂಜೆ ಮೂರನೆಯ ಫಾರಂ ಓಡುವಾಗ 37ನೆಯ ಪುಟದ ‘ಪ’ದ ಕೆಳಗೆ ಇಲ್ಲದ ಚುಕ್ಕಿಯೊಂದು ಮೂಡಿತು. ಯಂತ್ರ ನಿಲ್ಲಿಸಿ ಒರೆಸಿದ ಮೇಲೂ ಅದೇ ಜಾಗದಲ್ಲಿ ಉಳಿದರೆ ದೋಷ ಪ್ಲೇಟಿನದು, ಹೋದರೆ ಧೂಳಿನದು. ಪ್ಲೇಟನ್ನೂ ಅದರ ಅಚ್ಚನ್ನು ಕಾಗದಕ್ಕೆ ಒತ್ತುವ ರಬ್ಬರಿನ ಬ್ಲಾಂಕೆಟನ್ನೂ ಒರೆಸಿ ಮತ್ತೆ ಹತ್ತು ಹಾಳೆ ಓಡಿಸಿದರು. ‘ಪ’ ಮಧ್ಯಸ್ಥಾಯಿಗೆ ಮರಳಿತ್ತು.