ಹಬಕ್ಕೂಕನನ್ನು ಮೊದಲಿಂದ ಓದೋಣ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಮುಳುಗಿದ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಟ್ಟಲೆ ಅಲೆದಿವೆ. ಇನ್ನೂ ಎಷ್ಟು ಕಾಲ ಅನ್ನುವ ಅವರ ಕೂಗು ಬೈಬಲಿನಲ್ಲೂ ಇದೆ, ಪ್ರವಾದಿ ಹಬಕ್ಕೂಕನ ಪುಸ್ತಕದಲ್ಲಿ: 1:2 (ಒಂದನೇ ಅಧ್ಯಾಯ, ಎರಡನೇ ವಚನ).

ಮೂರೇ ಅಧ್ಯಾಯ, 56 ವಚನ. ಗಟ್ಟಿಯಾಗಿ ಓದಿದರೂ ಹತ್ತು ನಿಮಿಷ ಸಾಕು. ಒಂದೇ ಸಲಕ್ಕೆ ಓದಿಬಿಡಿ. ಸಭೆಗಳಲ್ಲಿ ಆಗುವ ತಪ್ಪೆಂದರೆ ಎಲ್ಲ ಬರಿದಾದರೂ ದೇವರಲ್ಲಿ ಆನಂದಿಸುವೆ ಅನ್ನುವ ಕೊನೆಯ 3:17-18ನ್ನು ಮಾತ್ರ ಹೆಕ್ಕಿಕೊಳ್ಳುವುದು. ಆಗ ಅದು ನೊಂದವರ ಬಾಯಿ ಮುಚ್ಚಿಸುವ ಸಮಾಧಾನವಾಗುತ್ತದೆ. ಪ್ರವಾದಿ ಶುರುಮಾಡುವುದೇ ದೇವರ ಮುಂದೆ ದೂರಿನಿಂದ: ನ್ಯಾಯ ಸೊಟ್ಟಗಾಗಿದೆ (1:4). ಬಂದ ಉತ್ತರ ಇನ್ನೂ ಕಷ್ಟದ್ದು, ಕಸ್ದೀಯರ, ಅಂದರೆ ಬಾಬೆಲಿನವರ, ದಂಡು ಬರುತ್ತದೆ. ಅವನು ಮತ್ತೆ ಪ್ರಶ್ನೆ ಹಾಕಿ, ಕಾವಲಿನ ಜಾಗದಲ್ಲಿ ನಿಂತು ಕಾಯುತ್ತಾನೆ.

ಎರಡನೇ ಅಧ್ಯಾಯದಲ್ಲಿ ನಿಧಾನಿಸಿ. 6, 9, 12, 15, 19ನೇ ವಚನಗಳಲ್ಲಿ ಐದು ಧಿಕ್ಕಾರಗಳಿವೆ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸುಲಿಗೆ, ಅನ್ಯಾಯದ ಗಳಿಕೆ, ರಕ್ತ ಸುರಿಸಿ ಕಟ್ಟಿದ ಪಟ್ಟಣ, ನೆರೆಯವನಿಗೆ ಕುಡಿಸಿ ಮಾನ ಕಳೆಯುವುದು, ವಿಗ್ರಹ. 17ನೇ ವಚನದಲ್ಲಿ ಲೆಬನೋನಿನ ಕಾಡಿನ ಮೇಲಿನ ಹಿಂಸೆ, ಮೃಗಗಳ ನಾಶವೂ ಲೆಕ್ಕಕ್ಕೆ ಬಂದಿದೆ. ಮಲೆನಾಡಿನವರು ಇಲ್ಲಿ ನಿಲ್ಲಲೇಬೇಕು. ಈ ಧಿಕ್ಕಾರಗಳು ಯಾರ ಮೇಲೋ ಆ ಬಾಬೆಲ್ ಕೊನೆಗೆ ಕ್ರಿ.ಪೂ. 539ರಲ್ಲಿ ಪರ್ಷಿಯದ ಕೈಸೇರಿತು.

ಇವೆಲ್ಲದರ ನಡುವೆ 2:4 ಇದೆ: ನೀತಿವಂತ ನಂಬಿಕೆಯಿಂದ ಬದುಕುವನು. ಅಪೊಸ್ತಲ ಪೌಲ ಹೊಸ ಒಡಂಬಡಿಕೆಯ ರೋಮಾ 1:17ರಲ್ಲಿ ಕ್ರಿಸ್ತನ ಸುವಾರ್ತೆಯನ್ನು ಇದೇ ಮಾತಿನ ಮೇಲೆ ಕಟ್ಟುತ್ತಾನೆ.

ಈಗ 3:17ಕ್ಕೆ ಬನ್ನಿ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ಕೊಟ್ಟಿಗೆ, ಆರೂ ಬರಿದು. ಕೊಳೆರೋಗಕ್ಕೆ ಹಸಿ ಅಡಿಕೆ ಉದುರಿದ ತೋಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ವಚನದ "ಆದರೂ" ಅನ್ನು ಆಮೇಲೆ ಓದಿ.